ಅಪ್‌ಡೇಟ್: ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಏರುತ್ತಿದ್ದ ಕಾರು

ಹೋದ ತಿಂಗಳು ಕೇಳಿದ್ದೆ, ನೆನಪಿದೆ ಅಲ್ವಾ? ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ 14 ವರ್ಷದ ಕಾರು, ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಮೇಲೇರುತ್ತೆ, ಆರಿಸಿದರೆ ಇಳಿಯುತ್ತೆ, ಬೆಳಗ್ಗೆ ಸ್ಟಾರ್ಟರ್ ಬರೀ ಕಟ್ ಕಟ್ ಅನ್ನುತ್ತೆ ಅಂತ.

ಕೊನೆಗೂ ಸಿಕ್ಕಿತು. ಅದಕ್ಕೂ ಮುಂಚೆ ಸುಮ್ನೆ ಹೊಸ ಬ್ಯಾಟರಿಗೆ ದುಡ್ಡು ಸುರಿದಿದ್ದೆ, ಅದು ಬೇರೆ ಮಾತು.

ದಾವಣಗೆರೆಯ ಪಿ.ಬಿ. ರಸ್ತೆ ಹತ್ತಿರ ಒಬ್ಬರು ಹಳೇ ಎಲೆಕ್ಟ್ರಿಷಿಯನ್ ಇದ್ದಾರೆ. ಅವರು ಏನನ್ನೂ ಬಿಚ್ಚಲಿಲ್ಲ. ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಬ್ಲಾಕ್‌ಗೆ ಇಟ್ಟು, ಸೆಲ್ಫ್ ಹೊಡಿ ಅಂದರು. 1.9 ವೋಲ್ಟ್ ತೋರಿಸಿತು! ಅಲ್ಲಿ 0.2 ದಾಟಿದರೇ ಅನುಮಾನ ಪಡಬೇಕಂತೆ. ಆಮೇಲೆ ಗಾಡಿ ಓಡುವಾಗ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಡೈನಮೋ) ಹತ್ತಿರ 14.3 ವೋಲ್ಟ್, ಬ್ಯಾಟರಿ ಹತ್ತಿರ 13.5. ಆಲ್ಟರ್ನೇಟರ್ ಸರಿಯಾಗೇ ಇತ್ತು, ಕರೆಂಟ್ ವಾಪಸ್ ಬರುವ ದಾರಿಯೇ ಕೆಟ್ಟಿತ್ತು.

ಬ್ಯಾಟರಿ ನೆಗೆಟಿವ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಅರ್ಥ್ ಕೇಬಲ್, ಅಂದರೆ ಕರೆಂಟ್ ವಾಪಸ್ ಬರುವ ತಂತಿ, ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು, ಆದರೆ ತುದಿಯ ಲಗ್ (ಬೋಲ್ಟ್‌ಗೆ ಸಿಕ್ಕಿಸುವ ಲೋಹದ ಕಿವಿ) ಹತ್ತಿರ ರಬ್ಬರ್ ಸೀಳಿದರೆ ಒಳಗೆ ತಾಮ್ರವೆಲ್ಲ ಹಸಿರು ಪುಡಿ, ಬೆರಳಲ್ಲಿ ಒತ್ತಿದರೆ ಎಳೆಗಳು ಪುಟಪುಟ ಮುರಿಯುತ್ತಿದ್ದವು. ಹೊಸ ದಪ್ಪ ಕೇಬಲ್ ಹಾಕಿ, ಬೋಲ್ಟ್ ಕೂರುವ ಜಾಗ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿದರು. ಬರೀ 450 ರೂಪಾಯಿ.

ಮುಳ್ಳಿನ ಗುಟ್ಟೂ ಅದೇ. ಬಿಸಿ ಅಳೆಯುವ ಸೆನ್ಸರ್‌ಗೆ ಇಂಜಿನ್ನೇ ಅರ್ಥ್, ಮುಳ್ಳಿರುವ ಮೀಟರ್‌ಗೆ ಕಾರಿನ ಬಾಡಿ ಅರ್ಥ್. ಹೆಡ್‌ಲೈಟ್ ಹಾಕಿ ಲೋಡ್ ಜಾಸ್ತಿಯಾದಾಗ ಎರಡರ ನಡುವೆ ವೋಲ್ಟೇಜ್ ವ್ಯತ್ಯಾಸ ಬಂದು ಮುಳ್ಳು ಸುಳ್ಳು ಹೇಳುತ್ತಿತ್ತು. ಇಂಜಿನ್ ಬಿಸಿಯೇ ಆಗಿರಲಿಲ್ಲ.

ನಿನ್ನೆ ರಾತ್ರಿ ಲೈಟ್ ಹಾಕಿಕೊಂಡೇ ಚಿತ್ರದುರ್ಗಕ್ಕೆ ಹೋಗಿ ಬಂದೆ. ಮುಳ್ಳು ಅಲ್ಲಾಡಲಿಲ್ಲ. ಪವರ್ ವಿಂಡೋ ಮಾತ್ರ ಇನ್ನೂ ಅರ್ಧಕ್ಕೇ ನಿಲ್ಲುತ್ತಿದೆ, ಅದನ್ನು ಈ ಭಾನುವಾರ ನೋಡುತ್ತೇನೆ.