ಅಪ್‌ಡೇಟ್: ವಾಷಿಂಗ್ಟನ್ ಆಸ್ತಿ ಯಾರ ಪಾಲಾಯ್ತು ಅಂತ ಕೇಳಿದ್ದೆನಲ್ಲ

ಮಕ್ಕಳಿಲ್ಲದ ಜಾರ್ಜ್ ವಾಷಿಂಗ್ಟನ್ ಆಸ್ತಿಯೆಲ್ಲ ಹೆಂಡತಿ ಮಾರ್ಥಾಗೇ ಹೋಯ್ತಾ ಅಂತ ಹೋದ ವಾರ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಕೊನೆಗೆ 1799ರ ಜುಲೈನಲ್ಲಿ ಬರೆದ ಆ ಉಯಿಲನ್ನೇ ಕೂತು ಓದಿದೆ.

ನನ್ನ ಊಹೆ ಅರ್ಧ ತಪ್ಪು. ಬಹುಪಾಲು ಆಸ್ತಿ ಮಾರ್ಥಾ ಬದುಕಿರುವವರೆಗೆ ಅನುಭವಿಸಲು ಮಾತ್ರ. ಆಮೇಲೆ ಮೌಂಟ್ ವರ್ನನ್ ಮನೆ ತಮ್ಮನ ಮಗ ಬುಷ್‌ರಾಡ್‌ಗೆ, ಸುತ್ತಲಿನ ಒಂದಷ್ಟು ಜಮೀನು ಬೇರೆ ಬಂಧುಗಳಿಗೆ. ಮಿಕ್ಕಿದ್ದಕ್ಕೆ 23 ಪಾಲು! ತಕರಾರು ಬಂದರೆ ಕೋರ್ಟು ಬೇಡ, ಮೂವರು ಪಂಚರು ತೀರ್ಮಾನಿಸಲಿ ಅಂತಲೂ ಇದೆ. (ನಮ್ಮಜ್ಜ ಈ ಒಂದು ಸಾಲು ಬರೆದಿಟ್ಟಿದ್ದರೆ ಸಾಕಿತ್ತು.)

ಓದುತ್ತಾ ತಡೆದು ನಿಂತದ್ದು ಗುಲಾಮರ ವಿಷಯದಲ್ಲಿ. ವಾಷಿಂಗ್ಟನ್ ಹೆಸರಿನಲ್ಲಿದ್ದ 123 ಜನರಲ್ಲಿ ವಿಲಿಯಂ ಲೀಗೆ ತಕ್ಷಣ ಬಿಡುಗಡೆ, ಉಳಿದವರಿಗೆ ಮಾರ್ಥಾ ಕಾಲಾನಂತರ. ಆಕೆ 1801ರ ಜನವರಿ 1ರಂದೇ ಅವರನ್ನು ಬಿಟ್ಟರು. ಆದರೆ ಇನ್ನೂ 153 ಮಂದಿ ಆಕೆಯ ಮೊದಲ ಗಂಡ ಕಸ್ಟಿಸ್ ಎಸ್ಟೇಟಿಗೆ ಸೇರಿದವರು. ಅವರನ್ನು ಬಿಡಿಸುವ ಹಕ್ಕು ವಾಷಿಂಗ್ಟನ್‌ಗೂ ಇರಲಿಲ್ಲ, ಮಾರ್ಥಾಗೂ ಇರಲಿಲ್ಲ. 1802ರಲ್ಲಿ ಮಾರ್ಥಾ ತೀರಿಕೊಂಡಾಗ ಅವರೆಲ್ಲ ಆಕೆಯ ಮೊದಲ ಮದುವೆಯ ಕಡೆಯ ಮೊಮ್ಮಕ್ಕಳ ಪಾಲಿಗೆ ಹಂಚಿಹೋದರು. ಎರಡೂ ಕಡೆಯವರ ನಡುವೆ ಮದುವೆಗಳಾಗಿದ್ದವು. ಗಂಡ ಸ್ವತಂತ್ರ, ಹೆಂಡತಿ ಮಕ್ಕಳು ಇನ್ನೊಬ್ಬರ ಆಸ್ತಿ.