ಹಸಿರು ಕಿಟ್ ಮೂರು ಸಲ ಕೊಟ್ಟೆವು, ಕಡಿಮೆಯಾಗಿಲ್ಲ: ಕ್ಲಮೀಡಿಯಾ ತರಬೇತಿ ಗುಂಪಿನ ಪ್ರಶ್ನೋತ್ತರ

ಡಾಕ್ಟರ್ (ತರಬೇತಿ ಕೊಟ್ಟವರು): ಎಲ್ಲರಿಗೂ ನಮಸ್ಕಾರ. ಎರಡು ದಿನದ ತರಬೇತಿಯಲ್ಲಿ ಕ್ಲಮೀಡಿಯಾಗೆ, ಅಂದರೆ ಲೈಂಗಿಕ ಸಂಪರ್ಕದಿಂದ ಅಂಟುವ ಈ ಬ್ಯಾಕ್ಟೀರಿಯಾ ಸೋಂಕಿಗೆ, ಸಿಕ್ಕಿದ್ದು ಒಂದೂವರೆ ಗಂಟೆ. ಉಳಿದದ್ದನ್ನು ಇಲ್ಲಿ ಕೇಳಿ, ಓಪಿಡಿ ನಡುವೆ ಬಿಡುವಾದಾಗ ಬರೆಯುತ್ತೇನೆ. ರೋಗಿಯ ಹೆಸರು, ಊರು, ಚೀಟಿಯ ಫೋಟೊ ಯಾವುದನ್ನೂ ಹಾಕಬೇಡಿ.

ಲ್ಯಾಬ್ ಟೆಕ್ನಿಷಿಯನ್: ಮೇಡಂ, ನಮ್ಮಲ್ಲಿ ಕ್ಲಮೀಡಿಯಾ ಪರೀಕ್ಷೆ ಇಲ್ಲ, ಪಿಸಿಆರ್‌ಗೆ ಹೊರಗೆ ಕಳಿಸ್ತೀವಿ. ಮೂತ್ರ ಹೇಗೆ ಹಿಡಿಸಬೇಕು? ನಾವು ಎಲ್ಲರಿಗೂ ‘ಮೊದಲು ಸ್ವಲ್ಪ ಬಿಟ್ಟು ನಡುವಿನದು ಹಿಡೀರಿ’ ಅಂತೀವಿ.

ಡಾಕ್ಟರ್: ಕೇಳಿದ್ದು ಒಳ್ಳೆಯದಾಯಿತು, ಇದಕ್ಕೆ ಪೂರ್ತಿ ಉಲ್ಟಾ. ಈ ಬ್ಯಾಕ್ಟೀರಿಯಾ ಮೂತ್ರದಲ್ಲಿ ತೇಲುತ್ತಾ ಇರುವುದಿಲ್ಲ, ಮೂತ್ರನಾಳದ ಒಳಪದರದ ಜೀವಕೋಶಗಳ ಒಳಗೆ ಸೇರಿಕೊಂಡಿರುತ್ತದೆ. ಮೊದಲ ಧಾರೆಯೇ ಆ ಜೀವಕೋಶಗಳನ್ನು ತೊಳೆದು ತರುವುದು. ಮೊದಲ 20–30 ಮಿ.ಲೀ. ಸಾಕು, ಡಬ್ಬಿ ತುಂಬಿಸಬೇಡಿ. ಅದಕ್ಕೂ ಮುಂಚೆ ಒಂದು ಗಂಟೆ ಮೂತ್ರಕ್ಕೆ ಹೋಗಿರಬಾರದು, ತೊಳೆದುಕೊಂಡು ಬರಲು ಹೇಳಬಾರದು. ಹೆಂಗಸರಿಗಾದರೆ ಮೂತ್ರಕ್ಕಿಂತ ಯೋನಿಯ ಸ್ವ್ಯಾಬ್ ಮೇಲು. ಹೇಗೆ ಅಂತ ತೋರಿಸಿಕೊಟ್ಟರೆ ಚಿಲಕ ಹಾಕಿಕೊಂಡು ಅವರೇ ತೆಗೆದುಕೊಡುತ್ತಾರೆ, ಮುಜುಗರವೂ ಕಡಿಮೆ. ಕಲ್ಚರ್‌ಗೆ (ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ನಡುವಿನ ಧಾರೆ, ಕ್ಲಮೀಡಿಯಾಗೆ ಮೊದಲ ಧಾರೆ ಅಂತ ಬರೆದು ಗೋಡೆಗೆ ಅಂಟಿಸಿ.

ನರ್ಸಿಂಗ್ ಆಫೀಸರ್: ಅಜಿತ್ರೋಮೈಸಿನ್ ಒಂದೇ ಡೋಸ್ ಸಾಕಾ, ಡಾಕ್ಸಿ ಕೊಡಬೇಕಾ?

ಡಾಕ್ಟರ್: ಪರೀಕ್ಷೆಯಲ್ಲಿ ಕ್ಲಮೀಡಿಯಾ ಖಚಿತವಾಗಿ, ಗರ್ಭಿಣಿಯಲ್ಲದಿದ್ದರೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ., ದಿನಕ್ಕೆ ಎರಡು ಸಲ, 7 ದಿನ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಿಂದ ಇದನ್ನೇ ಮೊದಲ ಆಯ್ಕೆ ಮಾಡಿದೆ, ಅಜಿತ್ರೋಮೈಸಿನ್ 1 ಗ್ರಾಂ ಅದರ ಬದಲಿಗೆ ಕೊಡುವ ಎರಡನೇ ಆಯ್ಕೆ. ಗರ್ಭಿಣಿಗೆ ಅಜಿತ್ರೋಮೈಸಿನ್, ಡಾಕ್ಸಿ ಬೇಡ. ನಮ್ಮ ಸುರಕ್ಷಾ ಕ್ಲಿನಿಕ್‌ನ (ಲೈಂಗಿಕ ಸೋಂಕಿಗೆ ಇರುವ ಸರ್ಕಾರಿ ಕ್ಲಿನಿಕ್) ಬೂದು ಕಿಟ್‌ನಲ್ಲಿ (ಒಂದೊಂದು ತೊಂದರೆಗೆ ಒಂದೊಂದು ಬಣ್ಣದ ಔಷಧಿ ಪೊಟ್ಟಣ) ಅಜಿತ್ರೋಮೈಸಿನ್ ಜೊತೆ ಸೆಫಿಕ್ಸಿಮ್ ಇರುವುದು, ಪರೀಕ್ಷೆ ಇಲ್ಲದ ಕಡೆ ಗೊನೋರಿಯಾ ಅನ್ನುವ ಇನ್ನೊಂದು ಲೈಂಗಿಕ ಸೋಂಕನ್ನೂ ಸೇರಿಸಿ ಹೊಡೆಯಬೇಕು ಅಂತ. ಡಾಕ್ಸಿ ಕೊಟ್ಟರೆ ಒಂದು ಲೋಟ ತುಂಬ ನೀರಿನ ಜೊತೆ ನುಂಗಲು ಹೇಳಿ, ನುಂಗಿದ ತಕ್ಷಣ ಮಲಗಬಾರದು. ಕಬ್ಬಿಣದ ಮಾತ್ರೆ ಅದರ ಜೊತೆಗೇ ಬೇಡ.

ಸ್ಟಾಫ್ ನರ್ಸ್, ತಾಲ್ಲೂಕು ಆಸ್ಪತ್ರೆ: ಮೇಡಂ, ನನ್ನ ಮುಂದೆಯೇ ಒಂದು ಕೇಸ್ ಕೂತಿದೆ. 22 ವರ್ಷ, ಮದುವೆಯಾಗಿ ಎರಡು ವರ್ಷ, ಮಕ್ಕಳಿಲ್ಲ. ಏಳು ತಿಂಗಳಲ್ಲಿ ಮೂರು ಸಲ ಬಿಳಿ ಹೋಗುತ್ತೆ ಅಂತ ಬಂದಿದ್ದಾಳೆ. ಮೂರೂ ಸಲ ಹಸಿರು ಕಿಟ್ ಕೊಟ್ಟಿದ್ದೀವಿ. ಈಗ ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣಿಸುತ್ತಂತೆ, ನಾಲ್ಕು ದಿನದಿಂದ ಕಿಬ್ಬೊಟ್ಟೆ ನೋವು. ಗಂಡ ಬೋರ್‌ವೆಲ್ ಲಾರಿಯಲ್ಲಿ ಕೆಲಸ, ತಿಂಗಳಿಗೊಮ್ಮೆ ಬರ್ತಾನೆ. ಜೊತೆಗೆ ಬಂದಿರೋ ಅತ್ತೆ ‘ಉಷ್ಣ ಆಗಿದೆ, ಒಂದು ಗ್ಲುಕೋಸ್ ಹಾಕಿ ಕಳಿಸಿ’ ಅಂತಿದ್ದಾರೆ. ನಮ್ಮ ಡಾಕ್ಟರ್ ಮೀಟಿಂಗಿಗೆ ಹೋಗಿದ್ದಾರೆ. ಈ ಸಲ ಕಿಬ್ಬೊಟ್ಟೆ ನೋವಿಗೆ ಇರೋ ಹಳದಿ ಕಿಟ್ ಕೊಡ್ಲಾ?

ಡಾಕ್ಟರ್: ಸಿಸ್ಟರ್, ಕಿಟ್ ಇನ್ನೂ ಕೈಗೆ ಕೊಡಬೇಡಿ. ಮೂರು ಸಲದಲ್ಲಿ ಒಮ್ಮೆಯಾದರೂ ಸ್ಪೆಕ್ಯುಲಮ್ (ಯೋನಿ ಅಗಲಿಸಿ ಒಳಗೆ ನೋಡುವ ಸಾಧನ) ಹಾಕಿ ನೋಡಿದ್ದೀರಾ? ಕೊನೆಯ ಮುಟ್ಟು ಯಾವಾಗ? ಗರ್ಭ ಪರೀಕ್ಷೆ ಆಯಿತಾ?

ಸ್ಟಾಫ್ ನರ್ಸ್, ತಾಲ್ಲೂಕು ಆಸ್ಪತ್ರೆ: ನೋಡಿಲ್ಲ ಮೇಡಂ. ಪರೀಕ್ಷೆ ಮಾಡೋ ಕೋಣೆಯಲ್ಲಿ ಲಸಿಕೆ ಫ್ರಿಜ್ ಇಟ್ಟಿದ್ದಾರೆ, ಪರದೆನೂ ಇಲ್ಲ. ಮುಟ್ಟು ಸರಿಯಾಗಿ ನೆನಪಿಲ್ಲ ಅಂತಾಳೆ. ಗರ್ಭ ಪರೀಕ್ಷೆಯ ನಿಶ್ಚಯ ಕಿಟ್ ತರಿಸ್ತೀನಿ.

ಡಾಕ್ಟರ್: ತರಿಸಿ, ಈಗಲೇ. ಅದು ಬರುವಷ್ಟರಲ್ಲಿ ಇದನ್ನು ಎಲ್ಲರೂ ಓದಿ. ತರಬೇತಿಯಲ್ಲಿ ನಾನು ಹೇಳಬೇಕೆಂದಿದ್ದದ್ದೇ ಈ ಹುಡುಗಿಯ ಕಥೆ.

ಹಸಿರು ಕಿಟ್‌ನಲ್ಲಿ ಇರುವುದು ಸೆಕ್ನಿಡಜೋಲ್ ಮತ್ತು ಫ್ಲುಕೋನಜೋಲ್. ಯೋನಿಯ ಸೋಂಕಿಗೆ ಸರಿಯಾದ ಔಷಧಿಯೇ. ಆದರೆ ಇವೆರಡರಲ್ಲಿ ಒಂದೂ ಕ್ಲಮೀಡಿಯಾವನ್ನು ಮುಟ್ಟುವುದಿಲ್ಲ. ಕ್ಲಮೀಡಿಯಾ ಕೂರುವುದು ಗರ್ಭಕಂಠದಲ್ಲಿ. ಬಿಳಿ ಬರುತ್ತಿರುವುದು ಯೋನಿಯಿಂದಲೋ ಗರ್ಭಕಂಠದಿಂದಲೋ ಅನ್ನುವುದು ಕೇಳಿದರೆ ಗೊತ್ತಾಗುವುದಿಲ್ಲ, ನೋಡಿದರೆ ಮಾತ್ರ ಗೊತ್ತಾಗುತ್ತದೆ. ಸ್ಪೆಕ್ಯುಲಮ್ ಹಾಕಿ, ಬೆಳಕು ಬಿಟ್ಟು, ಗರ್ಭಕಂಠದ ಬಾಯಿಗೆ ಹತ್ತಿ ಕಡ್ಡಿ ತಾಗಿಸಿ. ಕಡ್ಡಿ ಹಳದಿಯಾಗಿ ಬಂದರೆ ಅಥವಾ ತಾಗಿಸಿದ ಕೂಡಲೇ ರಕ್ತ ಜಿನುಗಿದರೆ ಅದು ಗರ್ಭಕಂಠದ ಉರಿಯೂತ, ಅವಳಿಗೆ ಬೂದು ಕಿಟ್. ಸೇರಿದ ಮೇಲೆ ರಕ್ತ ಅಂದಳಲ್ಲ, ಕಡ್ಡಿ ತೋರಿಸುವುದನ್ನೇ ಅವಳು ಬಾಯಿಬಿಟ್ಟು ಹೇಳಿದ್ದಾಳೆ.

ಏನೂ ಕಾಣದೆಯೂ ಸೋಂಕು ಇರಬಹುದು. ಬಹುಪಾಲು ಹೆಂಗಸರಿಗೆ ಕ್ಲಮೀಡಿಯಾದ ಲಕ್ಷಣವೇ ಇರುವುದಿಲ್ಲ. ಅದಕ್ಕೇ ಪರೀಕ್ಷೆ ಸಿಗುವ ದೇಶಗಳಲ್ಲಿ 25ರ ಒಳಗಿನ ಹೆಣ್ಣುಮಕ್ಕಳನ್ನು, ಲೈಂಗಿಕ ಸಂಪರ್ಕ ಶುರುವಾಗಿದ್ದರೆ, ವರ್ಷಕ್ಕೊಮ್ಮೆ ಲಕ್ಷಣ ಕಾಯದೆ ಪರೀಕ್ಷಿಸುತ್ತಾರೆ. ನಮ್ಮ ಕೈಯಲ್ಲಿ ಇರುವುದು ನಾಲ್ಕು ಪ್ರಶ್ನೆ, ಒಂದು ಟಾರ್ಚು, ಒಂದು ಸ್ಪೆಕ್ಯುಲಮ್. ಅದನ್ನೂ ಬಿಟ್ಟರೆ ಸೋಂಕು ಸದ್ದಿಲ್ಲದೆ ಮೇಲೇರಿ ಗರ್ಭನಾಳಕ್ಕೆ ಹೋಗುತ್ತದೆ. ನಾಳದ ಒಳಗೆ ಗಾಯವಾಗಿ ಕಲೆ ಕಟ್ಟಿದರೆ ಮಗು ನಿಲ್ಲುವುದಿಲ್ಲ, ಇಲ್ಲವೇ ನಾಳದಲ್ಲೇ ನಿಲ್ಲುತ್ತದೆ.

ಹಾಗಾಗಿ ಈ ಹೊಟ್ಟೆನೋವಿಗೆ ಮೊದಲು ಗರ್ಭ ಪರೀಕ್ಷೆ. ನೆಗೆಟಿವ್ ಆಗಿದ್ದು, ಒಳಪರೀಕ್ಷೆಯಲ್ಲಿ ಗರ್ಭಕಂಠ ಅಲುಗಿಸಿದಾಗ ನೋವಾಗಿ, ಜ್ವರ–ವಾಂತಿ ಜಾಸ್ತಿ ಇಲ್ಲದಿದ್ದರೆ ನಿಮ್ಮ ವೈದ್ಯರು ಬಂದು ನೋಡಿ ಹಳದಿ ಕಿಟ್ ಕೊಡುತ್ತಾರೆ. 14 ದಿನ, ಪೂರ್ತಿ. ಮೂರನೇ ದಿನ ಮತ್ತೆ ಬರಲೇಬೇಕು, ಕಡಿಮೆಯಾಗದಿದ್ದರೆ ದೊಡ್ಡಾಸ್ಪತ್ರೆ. ಗಂಡನಿಗೆ ಬೂದು ಕಿಟ್. ಇಬ್ಬರಿಗೂ ಎಚ್‌ಐವಿ ಮತ್ತು ಸಿಫಿಲಿಸ್ ರಕ್ತಪರೀಕ್ಷೆ. ಮತ್ತೆ, ಆ ಫ್ರಿಜ್ ಪಕ್ಕಕ್ಕೆ ಎರಡು ಸೀರೆ ಕಟ್ಟಿಯಾದರೂ ಮರೆ ಮಾಡಿ ಸಿಸ್ಟರ್. ಮೂರು ಸಲ ಬಂದವಳಿಗೆ ನಾವು ಮೂರು ಸಲವೂ ಒಂದು ಪರದೆ ಕೊಡಲಿಲ್ಲ ಅನ್ನುವುದು ನನಗೆ ತುಂಬ ನೋವಿನ ಸಂಗತಿ.

ಫಾರ್ಮಸಿ ಅಧಿಕಾರಿ: ಮೇಡಂ, ಇನ್ನೊಂದು ಗುಂಪಿನಲ್ಲಿ ಬಂದದ್ದು: ‘ಅಕ್ಕಿ ತೊಳೆದ ನೀರಿಗೆ ಮೆಂತ್ಯ ನೆನೆಸಿ ಬೆಳಗ್ಗೆ ಕುಡಿಯಿರಿ, ಪಟಿಕದ ನೀರಿನಿಂದ ಒಳಗೆ ತೊಳೆಯಿರಿ, ಏಳು ದಿನದಲ್ಲಿ ಬಿಳಿಸೆರಗು ಮಾಯ, ಎಲ್ಲ ಗುಪ್ತರೋಗಕ್ಕೂ ರಾಮಬಾಣ.’ ಕಿಟ್ ಸ್ಟಾಕ್ ಇಲ್ಲದಾಗ ಹೇಳಬಹುದಾ?

ಡಾಕ್ಟರ್: ಹೇಳಬಾರದು. ಮೆಂತ್ಯ ಕುಡಿದರೆ ನನ್ನ ತಕರಾರಿಲ್ಲ, ಆದರೆ ಅದು ಕ್ಲಮೀಡಿಯಾಗೆ ಔಷಧಿಯಲ್ಲ. ಪಟಿಕ, ಡೆಟಾಲ್, ನಿಂಬೆರಸ, ಬೆಳ್ಳುಳ್ಳಿ ಎಸಳು, ಇವನ್ನು ಒಳಗೆ ಹಾಕಿಸಿಕೊಂಡು ಸುಟ್ಟ ಗಾಯ ಮಾಡಿಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಳಗೆ ತೊಳೆದರೆ ಅಲ್ಲಿ ಇರಬೇಕಾದ ಒಳ್ಳೆಯ ಬ್ಯಾಕ್ಟೀರಿಯಾವೇ ಹೋಗುತ್ತದೆ. ಸ್ಟಾಕ್ ಇಲ್ಲದಿದ್ದರೆ ವೈದ್ಯರಿಂದ ಹೊರಗಿನ ಚೀಟಿ ಬರೆಸಿ. ಇಂಥ ಫಾರ್ವರ್ಡ್ ಈ ಗುಂಪಿಗೆ ಬೇಡ.

ಫಾರ್ಮಸಿ ಅಧಿಕಾರಿ: ನಮ್ಮ ಅಜ್ಜಿಯರ ಕಾಲದಿಂದ ಬಂದದ್ದು ಮೇಡಂ, ಎಲ್ಲವನ್ನೂ ತಳ್ಳಿಹಾಕಬಾರದು.

ಲ್ಯಾಬ್ ಟೆಕ್ನಿಷಿಯನ್: ಅಜ್ಜಿಯರ ಕಾಲದಲ್ಲಿ ಮಕ್ಕಳಾಗದವಳಿಗೆ ಬಂಜೆ ಅಂತ ಹೆಸರಿಟ್ಟು ಗಂಡನಿಗೆ ಇನ್ನೊಂದು ಮದುವೆ ಮಾಡ್ತಿದ್ರು ಸರ್. ಯಾಕೆ ಆಗಲಿಲ್ಲ ಅಂತ ಯಾರೂ ನೋಡಲಿಲ್ಲ.

ಫಾರ್ಮಸಿ ಅಧಿಕಾರಿ: ನಾನು ಹೇಳಿದ್ದೇ ಬೇರೆ, ನೀವು ಎಳೆಯೋದೇ ಬೇರೆ.

ಆಶಾ ಕಾರ್ಯಕರ್ತೆ: ಮೇಡಂ ನಮಸ್ತೆ. 7ನೇ ದಿನದ ಮನೆ ಭೇಟಿಗೆ ಹೋದಾಗ ಮಗುವಿನ ಎರಡೂ ಕಣ್ಣು ಊದಿ ಕೀವು ಬರ್ತಿತ್ತು. ಅಜ್ಜಿ ಎದೆಹಾಲು ಹಿಂಡಿ ಹಾಕ್ತಿದ್ದಾರೆ. ಡ್ರಾಪ್ಸ್ ಕೊಡಿಸಿದ್ರೆ ಸಾಕಾ?

ಡಾಕ್ಟರ್: ಸಾಲದು ಅಕ್ಕ. ಇವತ್ತೇ ಮಕ್ಕಳ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಹುಟ್ಟಿದ 5ರಿಂದ 12 ದಿನದೊಳಗೆ ಶುರುವಾಗುವ ಕೀವುಗಣ್ಣಿನಲ್ಲಿ ಕ್ಲಮೀಡಿಯಾ ನೆನಪಾಗಲೇಬೇಕು, ಹೆರಿಗೆಯಲ್ಲಿ ತಾಯಿಯಿಂದ ಅಂಟುತ್ತದೆ. ಗೊನೋರಿಯಾ ಆಗಿದ್ದರೆ ಕಣ್ಣೇ ಹೋಗಬಹುದು. ಕ್ಲಮೀಡಿಯಾಗೆ ಡ್ರಾಪ್ಸ್ ಸಾಲುವುದಿಲ್ಲ, ಬಾಯಿಗೆ ಔಷಧಿ ಬೇಕು, ಇಲ್ಲದಿದ್ದರೆ ಮುಂದೆ ನ್ಯುಮೋನಿಯಾ ಆಗಬಹುದು. ತಾಯಿ–ತಂದೆ ಇಬ್ಬರಿಗೂ ಚಿಕಿತ್ಸೆ. ಎದೆಹಾಲು ಮಗುವಿನ ಹೊಟ್ಟೆಗೆ, ಕಣ್ಣಿಗಲ್ಲ ಅಂತ ಅಜ್ಜಿಗೆ ಪ್ರೀತಿಯಿಂದಲೇ ಹೇಳಿ. ನೀವು ನೋಡಿ ಕೇಳಿದ್ದು ದೊಡ್ಡ ಕೆಲಸ.

ಆಪ್ತ ಸಮಾಲೋಚಕಿ: ಮೇಡಂ, ಗಂಡನನ್ನು ಕರೆಸುವುದೇ ನನಗೆ ಕಷ್ಟ. ‘ನಿನ್ನಿಂದ ಬಂತು’ ಅಂತ ಹೊಡೆತ ತಿಂದು ಬಂದವರಿದ್ದಾರೆ. ಏನಂತ ಹೇಳಲಿ?

ನರ್ಸಿಂಗ್ ಆಫೀಸರ್ (ಪುರುಷ): ಗಂಡಸರು ಬರಲ್ಲ. ಹೆಂಡತಿ ಕೈಗೇ ಎರಡು ಕಿಟ್ ಕೊಟ್ಟು ‘ಶಕ್ತಿ ಮಾತ್ರೆ’ ಅಂತ ಹೇಳಿ ನುಂಗಿಸೋಕೆ ಹೇಳಿ.

ಆಪ್ತ ಸಮಾಲೋಚಕಿ: ಸುಳ್ಳು ಹೇಳಿ ಔಷಧಿ ಕೊಡಿಸೋದಾ? ಅವನಿಗೆ ಅಲರ್ಜಿ ಇದ್ದರೆ ಆ ಹೆಣ್ಣುಮಗಳು ಹೊಣೆನಾ?

ನರ್ಸಿಂಗ್ ಆಫೀಸರ್ (ಪುರುಷ): ನಿಮಗೆ ದಿನಕ್ಕೆ ಹತ್ತು ಜನ, ನಮಗೆ ಇನ್ನೂರು. ಕೋಣೆ, ಕುರ್ಚಿ, ಫ್ಯಾನ್ ಎಲ್ಲ ನಿಮಗೇ ಇದೆ.

ಆಪ್ತ ಸಮಾಲೋಚಕಿ: ಕೋಣೆ ಇದೆ, ಸಂಬಳ ಮೂರು ತಿಂಗಳಿಂದ ಬಂದಿಲ್ಲ. ಬದಲಾಯಿಸಿಕೊಳ್ಳೋಣ ಬನ್ನಿ.

ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ: ಮದುವೆಯಾದ ಒಳ್ಳೆ ಮನೆಯವರಿಗೆ ಇಂಥದ್ದೆಲ್ಲ ಬರಲ್ಲ ಬಿಡಿ. ಸುಮ್ಮನೆ ಮನೆ ಒಡೆಯೋದು ಬೇಡ.

ಲ್ಯಾಬ್ ಟೆಕ್ನಿಷಿಯನ್: ನಾಚಿಕೆ ಆಗಬೇಕು ಮೇಡಂ, ತರಬೇತಿಗೆ ಬಂದು ಹೀಗೆ ಬರೆಯೋಕೆ.

ಡಾಕ್ಟರ್: ಸಾಕು ನಿಲ್ಲಿಸಿ. ಒಳ್ಳೆ ಮನೆ, ಕೆಟ್ಟ ಮನೆ ಅನ್ನುವ ಮಾತು ನಿಮ್ಮ ಬಾಯಲ್ಲಿದ್ದರೆ ರೋಗಿ ನಿಮಗೆ ನಿಜ ಹೇಳುವುದಿಲ್ಲ. ಸಮಾಲೋಚಕರೇ, ನಾನು ಹೇಳುವ ರೀತಿ ಇದು. ಬಾಗಿಲು ಮುಚ್ಚಿ, ಅತ್ತೆಯನ್ನು ಹೊರಗೆ ಕೂರಿಸಿ. ‘ಈ ಸೋಂಕು ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಪರೀಕ್ಷೆಯೂ ಹೇಳಲ್ಲಮ್ಮ. ತಿಂಗಳುಗಟ್ಟಲೆ ಗೊತ್ತಾಗದೆ ಒಳಗೇ ಇರುತ್ತೆ. ಇಬ್ಬರೂ ಒಟ್ಟಿಗೆ ಔಷಧಿ ತಗೊಂಡರೆ ವಾಸಿ, ಒಬ್ಬರು ಬಿಟ್ಟರೆ ಮತ್ತೆ ಬರುತ್ತೆ.’ ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ನಿಜ. ಆಮೇಲೆ ಕೇಳಿ: ‘ಮನೆಯಲ್ಲಿ ಹೇಳಿದರೆ ನಿನಗೆ ತೊಂದರೆ ಆಗುತ್ತಾ?’ ಹೊಡೆತದ ಭಯ ಇದ್ದರೆ ಅವಳ ಬಾಯಲ್ಲಿ ಹೇಳಿಸಬೇಡಿ, ಅವಳು ಒಪ್ಪಿದರೆ ಗಂಡನನ್ನು ನೀವೇ ಕರೆಸಿ ಮಾತಾಡಿ. ಕಳೆದ 60 ದಿನದ ಸಂಗಾತಿಗಳೆಲ್ಲ ಲೆಕ್ಕಕ್ಕೆ. ಒಂದೇ ಡೋಸ್ ಆದರೆ ನುಂಗಿದ ಮೇಲೆ 7 ದಿನ, ಡಾಕ್ಸಿ ಆದರೆ ಕೋರ್ಸ್ ಮುಗಿಯುವವರೆಗೆ ಸೇರಬಾರದು. ಸಂಗಾತಿಯ ಚಿಕಿತ್ಸೆಯೂ ಆಗಿರಬೇಕು. ಶಕ್ತಿ ಮಾತ್ರೆ ಅನ್ನುವ ಸುಳ್ಳು ಬೇಡವೇ ಬೇಡ.

ನರ್ಸಿಂಗ್ ಆಫೀಸರ್ 2: ಅಜಿತ್ರೋ ಸಾಕಾ ಡಾಕ್ಸಿ ಬೇಕಾ ಮೇಡಂ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಹೊಸ ಸದಸ್ಯೆ: ತರಬೇತಿ ಸರ್ಟಿಫಿಕೇಟ್ ಯಾವಾಗ ಬರುತ್ತೆ? ಟಿಎ ಬಿಲ್ ಯಾರಿಗೆ ಕೊಡಬೇಕು?

ನರ್ಸಿಂಗ್ ಆಫೀಸರ್ 3: ಚಿಕಿತ್ಸೆ ಆಗಿ ಹತ್ತು ದಿನಕ್ಕೆ ಪಿಸಿಆರ್ ಮತ್ತೆ ಪಾಸಿಟಿವ್. ಔಷಧಿ ಫೇಲಾ?

ಡಾಕ್ಟರ್: ಅಲ್ಲ. ಸತ್ತ ಬ್ಯಾಕ್ಟೀರಿಯಾದ ಚೂರನ್ನೂ ಪಿಸಿಆರ್ ಹಿಡಿಯುತ್ತದೆ. 4 ವಾರದ ಒಳಗೆ ಮಾಡಬೇಡಿ. ಗರ್ಭಿಣಿಗೆ ಚಿಕಿತ್ಸೆಯಾಗಿ 4 ವಾರವಾದ ಮೇಲೆ ಒಂದು ಸಲ, ಎಲ್ಲರಿಗೂ 3 ತಿಂಗಳಾದ ಮೇಲೆ ಒಂದು ಸಲ, ಮತ್ತೆ ಅಂಟಿದೆಯಾ ನೋಡಲು.

ನರ್ಸಿಂಗ್ ಆಫೀಸರ್ 2: ಗರ್ಭಿಣಿಗೆ ಡಾಕ್ಸಿ ಕೊಡಬಹುದಾ?

ಡಾಕ್ಟರ್: ಓದಿ. ಮೇಲೆ ಇದೆ.

ಫಾರ್ಮಸಿ ಅಧಿಕಾರಿ: (ಓಪಿಡಿ ಚೀಟಿಯ ಫೋಟೊ) ಈ ಅಕ್ಷರ ಯಾರಿಗಾದರೂ ಅರ್ಥ ಆಗುತ್ತಾ?

ಡಾಕ್ಟರ್: ಅಳಿಸಿ. ಈಗಲೇ. ಹೆಸರು, ವಯಸ್ಸು, ಊರು ಎಲ್ಲ ಕಾಣುತ್ತಿದೆ. ಈ ಗುಂಪಿನಲ್ಲಿ 140 ಜನ ಇದ್ದೀರಿ, ಅವಳ ಊರಿನವರು ಒಬ್ಬರಿದ್ದರೂ ಸಾಕು ಅವಳ ಬದುಕು ಹಾಳಾಗಲು.

ಫಾರ್ಮಸಿ ಅಧಿಕಾರಿ: ಅಳಿಸಿದೆ. ಇಷ್ಟು ಜೋರು ಮಾಡುವ ಅಗತ್ಯ ಇರಲಿಲ್ಲ.

ಡಾಕ್ಟರ್: ಇತ್ತು.

ಸ್ಟಾಫ್ ನರ್ಸ್, ತಾಲ್ಲೂಕು ಆಸ್ಪತ್ರೆ: ಮೇಡಂ ನಿಶ್ಚಯದಲ್ಲಿ ಎರಡು ಗೆರೆ ಬಂತು. ನೋವು ಬಲಗಡೆ ಜಾಸ್ತಿ. ಬಿಪಿ 100/60, ನಾಡಿ 108.

ಡಾಕ್ಟರ್: ಹಳದಿ ಕಿಟ್ ಬೇಡ. ಒಳಪರೀಕ್ಷೆಯೂ ಈಗ ಬೇಡ. ನಾಳದಲ್ಲಿ ಗರ್ಭ ನಿಂತಿದೆ ಅಂತಲೇ ತಿಳಿದು ನಡೆಯಿರಿ. ದಪ್ಪ ಸೂಜಿಯ ಐವಿ ಲೈನ್ ಹಾಕಿ, ಬಾಯಿಗೆ ಏನೂ ಕೊಡಬೇಡಿ, 108ಕ್ಕೆ ಫೋನ್ ಮಾಡಿ. ಬಸ್ಸಿಗೆ, ಬೈಕಿಗೆ ಹತ್ತಿಸಬೇಡಿ. ಸ್ಕ್ಯಾನ್ ಮತ್ತು ಆಪರೇಷನ್ ಎರಡೂ ಇರುವ ಕಡೆಗೇ. ನಿಮ್ಮ ಡಾಕ್ಟರನ್ನು ಮೀಟಿಂಗಿನಿಂದ ಎಬ್ಬಿಸಿ, ನನ್ನ ನಂಬರಿಗೂ ಕರೆ ಮಾಡಿಸಿ.

ಸ್ಟಾಫ್ ನರ್ಸ್, ತಾಲ್ಲೂಕು ಆಸ್ಪತ್ರೆ: ಅತ್ತೆ ಒಪ್ತಿಲ್ಲ. ಗರ್ಭಿಣಿ ಅಂದ ತಕ್ಷಣ ಖುಷಿಯಾಗಿ ಮನೆಗೆ ಕರ್ಕೊಂಡು ಹೋಗ್ತೀನಿ ಅಂತಿದ್ದಾರೆ.

ಡಾಕ್ಟರ್: ಹುಡುಗಿಗೇ ನೇರ ಹೇಳಿ: ‘ಗರ್ಭ ಸರಿಯಾದ ಜಾಗದಲ್ಲಿದೆಯಾ ನೋಡಬೇಕು, ಇಲ್ಲದಿದ್ದರೆ ಒಳಗೆ ರಕ್ತ ಹೋಗಿ ನಿನ್ನ ಜೀವಕ್ಕೆ ಅಪಾಯ.’ ಒಪ್ಪಬೇಕಾದವಳು ಅವಳು, ಅತ್ತೆಯಲ್ಲ. ರೆಫರಲ್ ಚೀಟಿಯಲ್ಲಿ ಮೂರು ಸಲ ಹಸಿರು ಕಿಟ್ ಆಗಿದೆ ಅಂತ ಬರೆಯಿರಿ, ಮುಚ್ಚಬೇಡಿ.

ಹೊಸ ಸದಸ್ಯೆ: ಸರ್ಟಿಫಿಕೇಟ್ ಬಗ್ಗೆ ಯಾರೂ ಉತ್ತರಿಸಲಿಲ್ಲ.

ಆಪ್ತ ಸಮಾಲೋಚಕಿ: ಸ್ವಲ್ಪ ಸುಮ್ಮನಿರ್ತೀರಾ?

ಸ್ಟಾಫ್ ನರ್ಸ್, ತಾಲ್ಲೂಕು ಆಸ್ಪತ್ರೆ: ಒಪ್ಪಿದಳು ಮೇಡಂ. 108 ಬಂದಿದೆ, ಲೈನ್ ಹಾಕಿದೆ. ನಾನೂ ಜೊತೆಗೆ ಹತ್ತುತ್ತಿದ್ದೀನಿ.

ಡಾಕ್ಟರ್: ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ನಾಡಿ, ಬಿಪಿ ನನಗೆ ಕಳಿಸುತ್ತಿರಿ. ಗಂಡನ ಫೋನ್ ನಂಬರ್ ತೆಗೆದುಕೊಂಡಿರಾ?