ಶರೋನ್ ಜೋನ್ಸ್ ಅಂಡ್ ದಿ ಡ್ಯಾಪ್-ಕಿಂಗ್ಸ್: ಮೊದಮೊದಲ ರೆಕಾರ್ಡಿಂಗ್‌ಗಳು, ಆ ಒಣ ಡ್ರಮ್ ಸೌಂಡು

ಲಯಗಾರ
ಅಮೆರಿಕದ ಸೋಲ್ ಗಾಯಕಿ ಶರೋನ್ ಜೋನ್ಸ್ ಅವರ 2007ರ ಆಲ್ಬಂ ‘100 ಡೇಸ್, 100 ನೈಟ್ಸ್’ ಕೇಳಿ ಕೇಳಿ ಬಾಯಿಪಾಠ ಆಗಿದೆ. ಈಗ ಹಿಂದಕ್ಕೆ ಹೋಗಬೇಕು. ಡ್ಯಾಪ್‌ಟೋನ್ ಲೇಬಲ್ ಹುಟ್ಟೋಕೆ ಮುಂಚೆ ಶರೋನ್ ಏನೇನು ಹಾಡಿದ್ದರು, ಯಾವುದರಿಂದ ಶುರು ಮಾಡಲಿ? ಇನ್ನೊಂದು: ‘ಡ್ಯಾಪ್ ಡಿಪ್ಪಿನ್’ ಆಲ್ಬಂನಲ್ಲಿ ಡ್ರಮ್ಸ್ ಗುಂಯ್ ಅನ್ನದೆ, ಎದುರಿಗೇ ಕೂತು ಬಾರಿಸಿದ ಹಾಗೆ ಕೇಳುತ್ತೆ. ಸಣ್ಣ ರೂಮು, ನಾಲ್ಕು ಮೈಕ್ ಇಟ್ಟುಕೊಂಡು ಅದರ ಹತ್ತಿರಕ್ಕಾದರೂ ಹೋಗಬಹುದಾ? ವಿಂಟೇಜ್ ಪ್ಲಗಿನ್ (ಹಳೇ ಸೌಂಡನ್ನು ಅನುಕರಿಸುವ ಸಾಫ್ಟ್‌ವೇರ್) ಹಾಕಿದರೆ ಎಲ್ಲ ಮಬ್ಬಾಗುತ್ತಿದೆ.

ನಲವತ್ತೈದು_ಸುತ್ತು
ಕಥೆ ಶುರುವಾಗುವುದು 1996ರಲ್ಲಿ. ಡೆಸ್ಕೋ ಲೇಬಲ್ಲಿನ ಗೇಬ್ರಿಯಲ್ ರಾತ್, ಫಿಲಿಪ್ ಲೇಮನ್ ಸೇರಿ ಗಾಯಕ ಲೀ ಫೀಲ್ಡ್ಸ್ ಅವರ ಹಾಡಿಗೆ ಕೋರಸ್ ಹಾಡಲು ಮೂವರನ್ನು ಕರೆದಿದ್ದರು. ಬಂದವರು ಶರೋನ್ ಒಬ್ಬರೇ, ಮೂರೂ ಪಾರ್ಟ್ ಅವರೇ ಹಾಡಿದರು. ಆಗ ಅವರಿಗೆ 40 ವಯಸ್ಸು. ಆ ದನಿ ಕೇಳಿಯೇ ‘ಸ್ವಿಚ್‌ಬ್ಲೇಡ್’ ಅನ್ನು ಅವರೊಬ್ಬರಿಂದಲೇ ಹಾಡಿಸಿದ್ದು.

ಆಮೇಲೆ ಡೆಸ್ಕೋ ಲೇಬಲ್ಲಿನ 45ಗಳು (ನಿಮಿಷಕ್ಕೆ 45 ಸುತ್ತು ತಿರುಗುವ ಸಣ್ಣ ಡಿಸ್ಕ್‌ಗಳು): ‘ಡ್ಯಾಮ್ ಇಟ್ಸ್ ಹಾಟ್’, ‘ಬಂಪ್ ಎನ್ ಟಚ್’. ಹಿಂದೆ ನುಡಿಸಿದ ಬ್ಯಾಂಡಿನ ಹೆಸರು ಸೋಲ್ ಪ್ರೊವೈಡರ್ಸ್. ಹಾಡನ್ನು ಎರಡು ತುಂಡು ಮಾಡಿ ಆಚೆ ಬದಿಗೊಂದು, ಈಚೆ ಬದಿಗೊಂದು ಹಾಕಿರುತ್ತಾರೆ. 7 ಇಂಚಿನ ಡಿಸ್ಕ್‌ನಲ್ಲಿ ಜೋರಾಗಿ ಕಟ್ ಮಾಡಬೇಕೆಂದರೆ ಗೆರೆ ಗೆರೆಗೂ ಜಾಗ ಬೇಕು, ಹಾಗಾಗಿ ಒಂದು ಬದಿಗೆ ಮೂರು ನಾಲ್ಕು ನಿಮಿಷವೇ ಸರಿ. ಡೆಸ್ಕೋ ಇಸವಿ ಹಾಕುತ್ತಿರಲಿಲ್ಲವಾದ್ದರಿಂದ, 1970ರ ಆಸುಪಾಸಿನ ಸರಕು ಅಂತ ನಂಬಿ ಕೊಂಡವರೂ ಇದ್ದರು.

2000ದಲ್ಲಿ ಡೆಸ್ಕೋ ಮುಚ್ಚಿತು. ರಾತ್, ನೀಲ್ ಶುಗರ್‌ಮನ್ ಸೇರಿ ಡ್ಯಾಪ್‌ಟೋನ್ ಕಟ್ಟಿದರು. ಸೋಲ್ ಪ್ರೊವೈಡರ್ಸ್, ಶುಗರ್‌ಮನ್ ಥ್ರೀ, ಮೈಟಿ ಇಂಪೀರಿಯಲ್ಸ್, ಈ ಮೂರು ಬ್ಯಾಂಡಿನವರು ಕೂಡಿ ಡ್ಯಾಪ್-ಕಿಂಗ್ಸ್ ಆದದ್ದು. ಬೇಸ್ ನುಡಿಸುವ ಬಾಸ್ಕೋ ಮ್ಯಾನ್ ಅಂದರೆ ರಾತ್ ಅವರೇ. ‘ಡ್ಯಾಪ್ ಡಿಪ್ಪಿನ್’ 2002ರದು, ‘ನ್ಯಾಚುರಲಿ’ 2005ರದು. ಮೊದಲು ‘ಡ್ಯಾಪ್ ಡಿಪ್ಪಿನ್’ ಪೂರ್ತಿ ಕೇಳಿ, ಆಮೇಲೆ ಡೆಸ್ಕೋ ಹಾಡುಗಳಿಗೆ ಹೋಗಿ. ಅಲ್ಲಿ ಸೌಂಡು ಇನ್ನೂ ಒರಟು, ನನಗೆ ಅದೇ ಹೆಚ್ಚು ಇಷ್ಟ.

ಮಂದ್ರ
ಪ್ಲಗಿನ್ ತೆಗೆದುಬಿಡಿ ಗುರು. ಈ ಸೌಂಡು ಮೈಕಿಗೆ ಬರುವ ಮೊದಲೇ ಆಗಿರಬೇಕು. ಸ್ನೇರ್ (ಚುರುಕು ಪೆಟ್ಟಿನ ಸಣ್ಣ ಡ್ರಮ್) ಅಂಚಿಗೆ ಅಂಗೈಯಗಲ ಮಡಿಸಿದ ಹತ್ತಿ ಬಟ್ಟೆ ಇಟ್ಟು ಟೇಪ್ ಅಂಟಿಸಿ. ಕಿಕ್ (ಕಾಲಿನಲ್ಲಿ ಬಾರಿಸುವ ದೊಡ್ಡ ಡ್ರಮ್) ಒಳಗೆ ಹಳೇ ರಗ್ಗು ತುರುಕಿ, ಎರಡೂ ಬದಿಯ ಹೊದಿಕೆಗೆ ತಾಗುತ್ತಿರಲಿ. ಒಂದು ಮೈಕ್ ಕಿಕ್ ಮುಂದೆ. ಇನ್ನೊಂದು ಡ್ರಮ್ಮರ್‌ನ ಬಲಭುಜದ ಮೇಲಿಂದ ಸ್ನೇರ್ ಕಡೆಗೆ, ಸುಮಾರು 80 ಸೆಂ.ಮೀ. ದೂರದಲ್ಲಿ. ಎರಡನ್ನೂ ಮೋನೋ ಮಾಡಿ (ಒಂದೇ ಚಾನಲ್‌ಗೆ ಕೂಡಿಸಿ) ಕೇಳಿ. ಕಿಕ್ ಸೊರಗಿದರೆ ಒಂದು ಮೈಕಿನ ಪೊಲಾರಿಟಿ (ಧ್ವನಿ ಅಲೆಯ ಮೇಲು-ಕೆಳಗು) ತಿರುಗಿಸಿ.

ಇಲ್ಲಿ ಎಲ್ಲರೂ ಎಡವುವುದು ಹೈಹ್ಯಾಟ್‌ನಲ್ಲಿ (ಡ್ರಮ್ ಸೆಟ್ಟಿನ ಜೋಡಿ ತಾಳ). ಒಂದೇ ಮೈಕ್ ಎಲ್ಲವನ್ನೂ ಹಿಡಿಯುವಾಗ ಹೈಹ್ಯಾಟ್ ಜೋರಾದರೆ ಮಿಕ್ಸಿಂಗ್‌ನಲ್ಲಿ ಇಳಿಸುವ ದಾರಿಯೇ ಇಲ್ಲ. ಬಾರಿಸುವವನ ಕೈಯಲ್ಲೇ ಬ್ಯಾಲೆನ್ಸ್ ಇರಬೇಕು. ಸ್ನೇರ್ ಗಟ್ಟಿ, ಹೈಹ್ಯಾಟ್ ಮೆತ್ತಗೆ.

ಬೇಸ್ ಗಿಟಾರ್‌ಗೆ ಫ್ಲಾಟ್‌ವೂಂಡ್ (ನುಣುಪು ಮೈಯ) ತಂತಿ, ಬ್ರಿಡ್ಜ್ (ತಂತಿ ಕೂರುವ ಮನೆ) ಪಕ್ಕ ತಂತಿಯ ಕೆಳಗೆ ಒಂದು ಚೂರು ಸ್ಪಂಜ್. ಮಬ್ಬಿನ ಕಾರಣವೂ ಇಲ್ಲೇ ಇದೆ: ನಿಮ್ಮಲ್ಲಿ ನಾದ ಉದ್ದಕ್ಕೆ ಎಳೆಯುತ್ತಿದೆ, ಪ್ಲಗಿನ್ ಅದರ ಟ್ರೆಬಲ್ ಮಾತ್ರ ಕತ್ತರಿಸುತ್ತಿದೆ. ನಾದ ಗಿಡ್ಡ ಆಗಬೇಕು, ಮಂಕಾಗಬಾರದು.

ಹಾರ್ನ್‌ಗಳನ್ನು (ಟ್ರಂಪೆಟ್, ಸ್ಯಾಕ್ಸೊಫೋನ್‌ನಂಥ ಊದುವ ವಾದ್ಯಗಳು) ಆಮೇಲೆ ಅದೇ ಮೈಕಿನಲ್ಲಿ ತೆಗೆದುಕೊಳ್ಳಿ. ಊದುವವರು ಮೂವರಿದ್ದರೆ ಮೂವರಿಗೂ ಒಂದೇ ಮೈಕ್, 1 ಮೀಟರ್ ದೂರ, ಟ್ರಂಪೆಟ್‌ನವರು ಒಂದು ಹೆಜ್ಜೆ ಹಿಂದೆ. ಡ್ಯಾಪ್‌ಟೋನ್‌ನವರು 8 ಟ್ರ್ಯಾಕ್ ಟೇಪಿನಲ್ಲಿ ಕೆಲಸ ಮಾಡಿದವರು. ಆಮೇಲೆ ಸರಿಮಾಡೋಣ ಅನ್ನುವುದಕ್ಕೆ ಅಲ್ಲಿ ಟ್ರ್ಯಾಕೇ ಉಳಿಯುವುದಿಲ್ಲ, ರೆಕಾರ್ಡ್ ಮಾಡುವಾಗಲೇ ತೀರ್ಮಾನ ಆಗಿರಬೇಕು.

ಷಡ್ಜ
ಹಾಡುಗಾರಿಕೆ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಶರೋನ್ ಚರ್ಚ್‌ನಲ್ಲಿ ಗಾಸ್ಪೆಲ್ ಹಾಡಿ ಬೆಳೆದವರು. ಸಾಲಿನ ಕೊನೆಯಲ್ಲಿ ದನಿಯನ್ನು ಹೇಗೆ ಕಡಿದು ನಿಲ್ಲಿಸುತ್ತಾರೆ ಗಮನಿಸಿ, ಸ್ನೇರ್ ಪೆಟ್ಟಿಗೂ ಅದಕ್ಕೂ ಕೂದಲೆಳೆ ಅಂತರ ಇರುವುದಿಲ್ಲ. ಇಂಥ ದನಿಗೆ ಮೈಕಿನಿಂದ 25–30 ಸೆಂ.ಮೀ. ದೂರ ಇರಲಿ, ಕೂಗುವ ಜಾಗದಲ್ಲಿ ಇನ್ನೊಂದು ಗೇಣು ಹಿಂದಕ್ಕೆ. ತೀರಾ ಹತ್ತಿರ ನಿಂತರೆ ದನಿಯ ತಗ್ಗಿನ ನಾದ ಊದಿಕೊಂಡು ಮಾತು ಸ್ಪಷ್ಟ ಆಗಲ್ಲ. ಕಂಪ್ರೆಷನ್ (ಜೋರು ದನಿಯನ್ನು ತಗ್ಗಿಸುವುದು) 3:1 ಸಾಕು, ಅಟ್ಯಾಕ್ (ಅದು ಹಿಡಿತಕ್ಕೆ ಬರುವ ಸಮಯ) 10 ಮಿಲಿಸೆಕೆಂಡ್‌ಗಿಂತ ಕಡಿಮೆ ಬೇಡ. ಕಡಿಮೆ ಇಟ್ಟರೆ ಅಕ್ಷರದ ಮೊದಲ ಏಟೇ ಹೋಗಿಬಿಡುತ್ತೆ.

ಲಯಗಾರ
ರಗ್ಗು, ಬಟ್ಟೆ ಇವತ್ತೇ ಹಾಕುತ್ತೇನೆ. ಡೆಸ್ಕೋ 45 ಒಂದು ಸಿಗುವ ಹಾಗಿದೆ. ಮನೆಯ ಟರ್ನ್‌ಟೇಬಲ್ ಮೇಲೆ ಹಾಕಬಹುದಲ್ವಾ?

ನಲವತ್ತೈದು_ಸುತ್ತು
ಧಾರಾಳವಾಗಿ. ನಡುವಿನ ತೂತು ದೊಡ್ಡದಿದ್ದರೆ 38 ಮಿ.ಮೀ.ನ ಅಡಾಪ್ಟರ್ ಬೇಕು. ಕಣ್ಣಳತೆಯಲ್ಲಿ ಇಟ್ಟರೆ ಡಿಸ್ಕ್ ಓರೆಯಾಗಿ ತಿರುಗಿ ಶ್ರುತಿ ಅಲೆಯುತ್ತೆ. ಮೋನೋ ಮಿಕ್ಸ್ ಆಗಿದ್ದರೆ ಆಂಪ್ಲಿಫೈಯರ್‌ನ ಮೋನೋ ಬಟನ್ ಒತ್ತಿ ಕೇಳಿ. ಸೂಜಿ ಮೇಲೆ ಕೆಳಗೆ ಆಡುವುದರಿಂದ ಬರುವ ಗರಗರ ಎರಡು ಚಾನಲ್‌ನಲ್ಲೂ ಎದುರುಬದುರಾಗಿ ಇರುತ್ತೆ, ಕೂಡಿಸಿದ ಕೂಡಲೇ ಬಹುಪಾಲು ಅಳಿದುಹೋಗುತ್ತೆ.